ಕೊಂಡ ನೆತ್ತರು, ಕೊಟ್ಟ ನೆತ್ತರು

ರಾಜಾಜಿನಗರದ ನಿವಾಸಿಗಳಾದ ರಾಯರು ತಮ್ಮ ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನು ಬೆರಳಲ್ಲಿ ಎಣಿಸಬಹುದು. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೇಳು ವರ್ಷ ದುಡಿದವರು ಅವರು. ನಾಲ್ಕಾಣೆಯ ವ್ಯತ್ಯಾಸ ಕಂಡರೂ ರಾತ್ರಿ ನಿದ್ರೆ ಬಾರದ ಸ್ವಭಾವ. ಅಂಥವರು ಹೆಂಡತಿಯೊಡನೆ ಒಂದು ಸುಳ್ಳು ಹೇಳಿ, ಒಂದೂವರೆ ವರ್ಷ ಅದನ್ನು ಸಾಕಿದರು. ಅದಕ್ಕೆ ಕಾರಣವಾದುದು ಒಂದು ಬಾಟಲಿ ನೆತ್ತರು.

1997ರ ಬೇಸಗೆ. ರಾಯರ ಪತ್ನಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ನಗರದ ಪಶ್ಚಿಮ ಭಾಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಹಿಂದಿನ ದಿನ ಸಂಜೆ ದಾದಿಯೊಬ್ಬಳು ಚೀಟಿ ತಂದಿತ್ತಳು. ರೋಗಿಗೆ ಒಂದು ಬಾಟಲಿ ರಕ್ತ ಬೇಕಾಗಬಹುದು. ಅಷ್ಟು ರಕ್ತವನ್ನು ರೋಗಿಯ ಕಡೆಯವರು ರಕ್ತನಿಧಿಗೆ ಪ್ರತಿಯಾಗಿ ತುಂಬಿಕೊಡಬೇಕು. ಯಾವ ಗುಂಪಿನ ರಕ್ತವಾದರೂ ಆದೀತು, ಆದರೆ ಬೆಳಗಾಗುವುದರೊಳಗೆ ಕೊಡಬೇಕು.

ಚೀಟಿಯನ್ನು ಓದಿದೊಡನೆಯೇ ಬಂಧುಬಳಗದಲ್ಲಿ ವಿಚಿತ್ರವಾದ ಸಂಚಲನ ಉಂಟಾಯಿತು. ರಾಯರ ಅಣ್ಣನಿಗೆ ಥಟ್ಟನೆ ತಮ್ಮ ರಕ್ತದೊತ್ತಡ ನೆನಪಾಯಿತು. ಷಡ್ಡಕರಿಗೆ ಕೊನೆಯ ಬಸ್ಸು ತಪ್ಪಿಹೋಗುವ ಭಯ ಹತ್ತಿತು. ಚಿಕ್ಕಪ್ಪನ ಮಗ ಕಾಫಿ ತರುವೆನೆಂದು ಹೋದವನು ಮರುದಿನ ಮಧ್ಯಾಹ್ನ ಕಾಫಿಯಿಲ್ಲದೆ ಹಿಂದಿರುಗಿದ. ಇನ್ನು ರಾಯರೋ? ಮೂವತ್ತೆಂಟು ವಯಸ್ಸಿನ ಗಟ್ಟಿಮುಟ್ಟಾದ ದೇಹ. ಆದರೆ ಒಮ್ಮೆ ರಕ್ತ ಕೊಟ್ಟವನು ಆರು ತಿಂಗಳು ಚೇತರಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ಬಾಲ್ಯದಿಂದ ಕೇಳಿದ್ದವರು. ಅವರ ಬಾಯಿ ಒಣಗಿತು. ಅದನ್ನು ಗಮನಿಸಿದ ಆಸ್ಪತ್ರೆಯ ಆಳೊಬ್ಬ ಹತ್ತಿರ ಬಂದು, “ಯಾಕ್ ಸ್ವಾಮಿ ಯೋಚ್ನೆ ಮಾಡ್ತೀರಿ? ಕೊಡೋ ಜನ ಇದ್ದಾರೆ,” ಎಂದ.

ಬಂದವನು ಸಣಕಲು ಮನುಷ್ಯ. ಮಾಸಿದ ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿದ್ದ. ಮೊಣಕೈಯ ಒಳಬದಿಯಲ್ಲಿ ಸೂಜಿಯ ಹಳೆಯ ಗುರುತುಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದವು. ಅವನು ಚೌಕಾಸಿ ಮಾಡಲಿಲ್ಲ, ರಾಯರೂ ಮಾಡಲಿಲ್ಲ. ಒಳಗೆ ಹೋಗಿ ಬಂದವನು ನೋಟುಗಳನ್ನು ಎಣಿಸಿ ಜೇಬಿನಲ್ಲಿಟ್ಟುಕೊಂಡು, ಮೆಟ್ಟಿಲ ಬಳಿ ತಿರುಗಿ ನಿಂತು, “ಅಮ್ಮೋರಿಗೆ ವಾಸಿ ಆಗ್ಲಿ ಸ್ವಾಮಿ,” ಎಂದು ಹೇಳಿ ಹೊರಟುಹೋದ.

ಅಮ್ಮನವರಿಗೆ ವಾಸಿಯಾಯಿತು. ಎಚ್ಚರಾದ ಮೂರನೆಯ ದಿನ ಅವರು ಕೇಳಿದ ಮೊದಲ ಪ್ರಶ್ನೆ: “ಏನೂಂದ್ರೆ, ನನಗೆ ರಕ್ತ ಕೊಟ್ಟೋರು ಯಾರು?”

ರಾಯರು ಒಂದು ಕ್ಷಣ ತಡವರಿಸಿ, “ನಮ್ಮ ಆಫೀಸಿನ ಸ್ನೇಹಿತರೊಬ್ಬರು,” ಎಂದುಬಿಟ್ಟರು.

ಸುಳ್ಳು ಹೇಳುವುದು ಸುಲಭ. ಅದಕ್ಕೆ ಅನ್ನ ಹಾಕಿ ಸಾಕುವುದು ಕಷ್ಟ. “ಅವರನ್ನೊಮ್ಮೆ ಊಟಕ್ಕೆ ಕರೀರಿ,” ಎಂದು ಪತ್ನಿ ಗೌರಿಹಬ್ಬಕ್ಕೆ ಹೇಳಿದರು, ಸ್ನೇಹಿತರು ರಜೆಯಲ್ಲಿದ್ದರು. ದೀಪಾವಳಿಗೆ ಹೇಳಿದರು, ಸ್ನೇಹಿತರಿಗೆ ಜ್ವರ ಬಂದಿತು. ಮರುವರ್ಷದ ಯುಗಾದಿಗೆ ಹೋಳಿಗೆಯ ಹೂರಣ ರುಬ್ಬುತ್ತ ಮತ್ತೆ ಹೇಳಿದಾಗ ರಾಯರು ಆ ಪಾಪದ ಸ್ನೇಹಿತರನ್ನು ಹುಬ್ಬಳ್ಳಿಗೆ ವರ್ಗ ಮಾಡಿಸಿಬಿಟ್ಟರು.

ರಾಯರು ಮಾಡಿದ್ದು ಆ ವರ್ಷದಲ್ಲಿ ಕಾನೂನಿನ ದೃಷ್ಟಿಯಿಂದ ಅಪರಾಧವಾಗಿರಲಿಲ್ಲ. ಆದರೆ ಅಪರಾಧವಾಗುವ ದಿನ ಗೊತ್ತಾಗಿತ್ತು. ಎಚ್.ಡಿ. ಶೌರಿಯವರು ಸ್ಥಾಪಿಸಿದ್ದ ‘ಕಾಮನ್ ಕಾಸ್’ ಎಂಬ ಸಂಸ್ಥೆ ದೇಶದ ರಕ್ತನಿಧಿಗಳ ದುಃಸ್ಥಿತಿಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತ್ತು. 1996ರ ಜನವರಿ 4ರಂದು ನ್ಯಾಯಾಲಯ ತೀರ್ಪು ನೀಡಿತು. ಪರವಾನಗಿಯಿಲ್ಲದ ರಕ್ತನಿಧಿ ನಡೆಯಕೂಡದು. ರಾಷ್ಟ್ರಕ್ಕೊಂದು, ರಾಜ್ಯಕ್ಕೊಂದು ರಕ್ತಪೂರಣ ಮಂಡಲಿ ಸ್ಥಾಪನೆಯಾಗಬೇಕು. ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ಎರಡು ವರ್ಷಗಳೊಳಗಾಗಿ ಕೊನೆಗೊಳ್ಳಬೇಕು. ಅದರಂತೆ 1998ರ ಜನವರಿ 1ರಿಂದ ಭಾರತದಲ್ಲಿ ರಕ್ತದ ಕ್ರಯವಿಕ್ರಯ ನಿಷಿದ್ಧವಾಯಿತು.

ಈ ಕಾಠಿಣ್ಯಕ್ಕೆ ಕಾರಣವಿತ್ತು. ಹಸಿದು ರಕ್ತ ಮಾರುವವನು ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ; ಹೇಳಿದರೆ ಆ ದಿನದ ಗಂಜಿ ಹೋಗುತ್ತದೆ. ಮೈ ತುಂಬಿಕೊಳ್ಳುವ ಮೊದಲೇ ಮತ್ತೆ ಮತ್ತೆ ಕೊಡುವುದರಿಂದ ಅವನ ನೆತ್ತರು ತೆಳುವಾಗಿರುತ್ತದೆ. ಎಚ್‌ಐವಿ ಪರೀಕ್ಷೆ 1989ರಿಂದಲೇ ಕಡ್ಡಾಯವಾಗಿತ್ತೇನೋ ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರ ಅದು ಪರೀಕ್ಷೆಯ ಕಣ್ಣಿಗೂ ಬೀಳದಿರಬಹುದು. ಹೀಗಿರುವಾಗ ಕೊಡುವವನ ಸತ್ಯವಂತಿಕೆಯೇ ಮೊದಲನೆಯ ಪರೀಕ್ಷೆ. ಹಣ ಆ ಸತ್ಯವಂತಿಕೆಯನ್ನು ಕೆಡಿಸುತ್ತದೆ. ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ ಎಂಬ ವಿದ್ವಾಂಸರು 1970ರಲ್ಲೇ ಅಮೆರಿಕದ ಕೊಂಡ ರಕ್ತವನ್ನೂ ಬ್ರಿಟನ್ನಿನ ದಾನದ ರಕ್ತವನ್ನೂ ಹೋಲಿಸಿ, ದಾನದ್ದೇ ಮೇಲೆಂದು ವಾದಿಸಿದ್ದರು. 1975ರಲ್ಲಿ ವಿಶ್ವ ಆರೋಗ್ಯ ಸಭೆಯೂ ಇದೇ ದಾರಿಯನ್ನು ಹಿಡಿಯುವಂತೆ ರಾಷ್ಟ್ರಗಳಿಗೆ ಹೇಳಿತ್ತು.

ಆದರೂ 1998ರ ಹೊಸ ವರ್ಷ ಬಂದಾಗ ಆಸ್ಪತ್ರೆಗಳನ್ನು ಒಂದು ಭಯ ಕಾಡಿತು. ಮಾರುವವರನ್ನು ಹೊರಗೆ ಹಾಕಿದ್ದಾಯಿತು, ಕೊಡುವವರೆಲ್ಲಿ? ಕಾನೂನು ಅಂಗಡಿಯ ಬಾಗಿಲು ಮುಚ್ಚಬಲ್ಲುದು. ಮನೆಯ ಬಾಗಿಲು ತೆರೆಸುವುದು ಅದರ ಕೈಯಲ್ಲಿಲ್ಲ. ಆ ಅಂತರವನ್ನು ತುಂಬಲು ಉಳಿದ ಉಪಾಯ ‘ಬದಲಿ ದಾನ’, ಎಂದರೆ ರೋಗಿಯ ನೆಂಟರಿಷ್ಟರೇ ಬಂದು ತುಂಬಿಕೊಡುವುದು. ಚಾಪೆಯ ಕೆಳಗೆ ತೂರಿದವರನ್ನು ಹಿಡಿಯಹೋದರೆ ರಂಗೋಲಿಯ ಕೆಳಗೆ ತೂರುವವರು ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಇದು ರಾಯರಿಗೆ ಅದೇ ವರ್ಷದ ಮಳೆಗಾಲದಲ್ಲಿ ಪ್ರತ್ಯಕ್ಷವಾಯಿತು.

ಆಗ ಕೆಂಗೇರಿ ಇಂದಿನ ಕೆಂಗೇರಿಯಲ್ಲ, ಊರಾಚೆಯ ಊರು. ಮೈಸೂರು ರಸ್ತೆಯಲ್ಲಿ ಸ್ಕೂಟರಿನ ಮೇಲೆ ಬರುತ್ತಿದ್ದ ರಾಯರ ಭಾವಮೈದುನನಿಗೆ ಲಾರಿ ತಗುಲಿ ತೊಡೆಯ ಮೂಳೆ ಮುರಿಯಿತು. ಬಹಳ ರಕ್ತ ಹೋಗಿತ್ತು. ಬೇರೊಂದು ಆಸ್ಪತ್ರೆ, ಅದೇ ಬಗೆಯ ಚೀಟಿ, ಅದೇ ಬಗೆಯ ಓಣಿಯಂಥ ಮೊಗಸಾಲೆ. ಬೆಂಚಿನ ತುದಿಯಲ್ಲಿ ಕುಳಿತಿದ್ದವನೊಬ್ಬ ಎದ್ದು ಬಂದ. ರಾಯರು ಮುಖಕ್ಕಿಂತ ಮೊದಲು ಆ ಮೊಣಕೈಯನ್ನು ಗುರುತಿಸಿದರು.

“ಸ್ವಾಮಿ, ಚೆನ್ನಾಗಿದೀರಾ? ಅಮ್ಮೋರು ಹುಷಾರಾದ್ರಾ?”

“ಹುಷಾರಾಗಿದಾರೆ,” ಎಂದರು ರಾಯರು.

ಅವನು ದನಿ ತಗ್ಗಿಸಿದ. “ಈಗ ಮುಂಚಿನ ಹಾಗಲ್ಲ ಸ್ವಾಮಿ, ದುಡ್ಡಿಗೆ ಅಂದ್ರೆ ಹಿಡ್ಕೊಂಡು ಹೋಗ್ತಾರೆ. ಫಾರಂ ಮೇಲೆ ತಮ್ಮ ಅಂತ ಬರೆದುಬಿಡಿ. ನಾನೂ ಹಾಗೇ ಹೇಳ್ತೀನಿ.”

ತಮ್ಮ! ಆ ಮಾತು ರಾಯರ ಎದೆಯಲ್ಲಿ ಎಲ್ಲೋ ಚುಚ್ಚಿತು. ತಮ್ಮ ಪತ್ನಿಯ ಮೈಯಲ್ಲಿ ಇವನ ನೆತ್ತರು ಹರಿದುದು ದಿಟ. ಆ ಲೆಕ್ಕಕ್ಕೆ ಇವನು ಒಡಹುಟ್ಟಿದವನಿಗಿಂತ ಹತ್ತಿರದವನು. ಹಾಗಿದ್ದೂ ಇವನನ್ನು ತಮ್ಮನೆಂದು ಬರೆದರೆ ಅದು ಶುದ್ಧ ಸುಳ್ಳು. ಆಗಲೇ ಒಂದು ಸುಳ್ಳನ್ನು ಹೊತ್ತು ಬಳಲಿದ್ದ ರಾಯರಿಗೆ ಎರಡನೆಯದನ್ನು ಹೊರುವ ಚೈತನ್ಯವಿರಲಿಲ್ಲ. ಅವರು ಫಾರಂ ಕಸಿದುಕೊಂಡು, ಅದರ ಮೇಲೆ ತಮ್ಮದೇ ಹೆಸರನ್ನು ಬರೆದು, ಒಳಗೆ ನಡೆದರು.

ಒಳಗೆ ನಡೆದುದು ಹೆಚ್ಚೇನೂ ಅಲ್ಲ. ಬೆರಳ ತುದಿಯಿಂದ ಒಂದು ಹನಿ ತೆಗೆದು ಪರೀಕ್ಷೆ ಮಾಡಿದರು, ತೂಕ ನೋಡಿದರು, ರಕ್ತದೊತ್ತಡ ನೋಡಿದರು. ಅಂಗೈಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದರು. ಹತ್ತು ನಿಮಿಷದೊಳಗೆ 350 ಮಿಲಿಲೀಟರ್ ರಕ್ತ ಚೀಲಕ್ಕೆ ಇಳಿದಿತ್ತು. ಹೋದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು, ಅಷ್ಟೆ ಎಂದರು ವೈದ್ಯರು. ಆರು ತಿಂಗಳ ನಿತ್ರಾಣಕ್ಕೆ ಸಿದ್ಧರಾಗಿ ಬಂದಿದ್ದ ರಾಯರಿಗೆ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು ಸಾಕಾದವು.

ಹೊರಗೆ ಅವನು ಇನ್ನೂ ಕುಳಿತಿದ್ದ. ರಾಯರು ಅವನನ್ನು ಮಾಗಡಿ ರಸ್ತೆಯ ಒಂದು ಹೋಟೆಲಿಗೆ ಕರೆದೊಯ್ದು ಊಟ ಕೊಡಿಸಿದರು. ಅವನು ಅನ್ನವನ್ನು ಎರಡು ಬಾರಿ ಹಾಕಿಸಿಕೊಂಡು, ತಲೆಯೆತ್ತದೆ ಉಂಡ. ಕೈ ತೊಳೆದು ಬಂದ ಮೇಲೆ ಹೇಳಿದ: “ನೀವು ಕೊಟ್ಟಿದ್ದು ಒಳ್ಳೇದಾಯ್ತು ಸ್ವಾಮಿ. ಎಲ್ಲಾರೂ ಹೀಗೇ ಕೊಟ್ಟುಬಿಟ್ರೆ ನಾನು ನಾಳೆ ಏನ್ ಮಾಡ್ಲಿ, ಅದನ್ನೂ ಹೇಳಿ.”

ರಾಯರ ಬಳಿ ಉತ್ತರವಿರಲಿಲ್ಲ. ಕಾನೂನಿನ ಬಳಿಯೂ ಇರಲಿಲ್ಲ. ರೋಗಿಯ ಪಾಲಿಗೆ ಅದು ಧರ್ಮವೇ ಸರಿ. ಆದರೆ ಮಾರಲು ಮೈಯ ನೆತ್ತರನ್ನು ಬಿಟ್ಟು ಬೇರೇನೂ ಇಲ್ಲದಿದ್ದವನಿಗೆ ನಾಳೆಯ ಕೂಲಿ ಎಲ್ಲಿಂದ ಬರಬೇಕೆಂಬುದು ಆ ತೀರ್ಪಿನ ವ್ಯಾಪ್ತಿಯೊಳಗೆ ಬರುವ ಪ್ರಶ್ನೆಯಾಗಿರಲಿಲ್ಲ.

ಆ ರಾತ್ರಿ ತೋಳಿನ ಅಂಟುಪಟ್ಟಿಯನ್ನು ನೋಡಿ ಪತ್ನಿ ಕೇಳಿದಾಗ ರಾಯರು ಎಲ್ಲವನ್ನೂ ಹೇಳಿದರು. ಹುಬ್ಬಳ್ಳಿಗೆ ವರ್ಗವಾದ ಸ್ನೇಹಿತರು ಎಂದೂ ಇರಲಿಲ್ಲವೆಂದು ಹೇಳಿದರು. ಆಕೆ ಸಿಟ್ಟಾಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

“ಅವನ ಹೆಸರೇನು?”

ರಾಯರು ಬೆಚ್ಚಿದರು. ಎರಡು ಸಲ ಕಂಡಿದ್ದರು, ಎದುರಿಗೆ ಕೂರಿಸಿಕೊಂಡು ಉಣಿಸಿದ್ದರು, ಹೆಸರು ಕೇಳಿರಲಿಲ್ಲ. ಆಮೇಲೆ ಎಷ್ಟೋ ಮೊಗಸಾಲೆಗಳಲ್ಲಿ ಕಣ್ಣಾಡಿಸಿದರೂ ಆ ಮೊಣಕೈ ಮತ್ತೆ ಕಾಣಿಸಲಿಲ್ಲ.

ಅಂದಿನಿಂದ ರಾಯರು ವರ್ಷಕ್ಕೆರಡು ಸಲ ತಪ್ಪದೆ ರಕ್ತ ಕೊಡತೊಡಗಿದರು. ಕಾರ್ಖಾನೆಯಲ್ಲಿ ರಾಜ್ಯೋತ್ಸವದ ಶಿಬಿರ, ವಿಜಯನಗರದ ಗಣೇಶೋತ್ಸವದ ಶಿಬಿರ, ಬಸವೇಶ್ವರನಗರದಲ್ಲಿ ಚಿತ್ರನಟರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ನಡೆಸಿದ ಶಿಬಿರ; ಯಾವುದಾದರೂ ಸರಿಯೇ. ಕ್ರಮೇಣ ಅವರಿಗೆ ಅದರ ಲೆಕ್ಕಾಚಾರವೂ ತಿಳಿಯಿತು. ಜನಸಂಖ್ಯೆಯ ನೂರಕ್ಕೆ ಒಂದು ಪಾಲಿನಷ್ಟು ಯೂನಿಟ್ ರಕ್ತ ವರ್ಷಕ್ಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲವಾದ ಅಂದಾಜು. 2011ರ ಜನಗಣತಿಯ 6.11 ಕೋಟಿಯಂತೆ ಎಣಿಸಿದರೂ ಕರ್ನಾಟಕಕ್ಕೆ 6 ಲಕ್ಷಕ್ಕೆ ಮೀರಿ ಬೇಕು. ಆದರೆ ನೆತ್ತರು ರಾಗಿಯಲ್ಲ, ಕಣಜದಲ್ಲಿ ತುಂಬಿಡಲು. ಸಾಮಾನ್ಯವಾಗಿ ಸಂಗ್ರಹಿಸಿದ ರಕ್ತ 35 ದಿನ ಬಾಳುತ್ತದೆ. ಪ್ಲೇಟ್‌ಲೆಟ್‌ಗಳು 5 ದಿನ. ಹಬ್ಬದ ದಿನ ನೂರು ಜನ ಸಾಲು ನಿಂತು, ಪರೀಕ್ಷೆ ರಜೆಗಳ ಬೇಸಗೆಯಲ್ಲಿ ಒಬ್ಬರೂ ಬಾರದಿದ್ದರೆ ಏನು ಬಂತು? ಮಳೆಗಾಲದ ಡೆಂಗೆ ಜ್ವರಕ್ಕೆ ಪ್ಲೇಟ್‌ಲೆಟ್ ಬೇಕಾದಾಗ ಹಬ್ಬದ ಶಿಬಿರದ ನೆನಪು ಉಪಯೋಗಕ್ಕೆ ಬಾರದು. ಹನಿಗೂಡಿದರೆ ಹಳ್ಳವೆಂಬುದು ನಿಜ. ಆದರೆ ಈ ಹಳ್ಳ ನಿತ್ಯವೂ ಹರಿಯುತ್ತಿರಬೇಕು.

ನಿಯಮಗಳು ಮಾತ್ರ ಒಂದರ ಹಿಂದೆ ಒಂದು ಬಂದವು. 2001ರಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಯಿತು. 2002ರ ರಾಷ್ಟ್ರೀಯ ರಕ್ತನೀತಿ ಬದಲಿ ದಾನವನ್ನೂ ಕ್ರಮೇಣ ತೊಡೆದುಹಾಕಿ, ಎಲ್ಲ ರಕ್ತವೂ ಸ್ವಯಂಪ್ರೇರಿತ ದಾನದಿಂದಲೇ ಬರಬೇಕೆಂದು ಗುರಿಯಿಟ್ಟಿತು. 2017ರ ಮಾರ್ಗಸೂಚಿ ಯಾರು ಕೊಡಬಹುದು, ಯಾರು ಕೂಡದು ಎಂಬುದನ್ನು ಸವಿಸ್ತಾರವಾಗಿ ಹೇಳಿತು. ಕೆಲವು ಸಮುದಾಯಗಳನ್ನು ಒಟ್ಟಾಗಿ ಹೊರಗಿಟ್ಟದ್ದು ನ್ಯಾಯವೇ ಎಂಬ ಪ್ರಶ್ನೆ 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2020ರಲ್ಲಿ ‘ರಕ್ತನಿಧಿ’ ಎಂಬ ಹೆಸರೇ ನಿಯಮದ ಪುಸ್ತಕದಿಂದ ಹೋಗಿ ‘ರಕ್ತಕೇಂದ್ರ’ವಾಯಿತು. 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ರಕ್ತ ಮಾರಾಟಕ್ಕಲ್ಲವೆಂದು ಮತ್ತೊಮ್ಮೆ ಸಾರಿ, ಪರೀಕ್ಷೆ ಸಂಸ್ಕರಣೆಗಳ ಗೊತ್ತಾದ ಶುಲ್ಕಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಪಡೆಯಕೂಡದೆಂದು ತಾಕೀತು ಮಾಡಿದರು. ಪ್ರತಿಯೊಂದು ನಿಯಮವೂ ಜರಡಿಯ ಕಣ್ಣನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಕಾಳು ಶುದ್ಧವಾಗುತ್ತದೆ, ಆದರೆ ಮೊರಕ್ಕೆ ಬೀಳುವುದು ಕಡಿಮೆಯಾಗುತ್ತದೆ. ಕಡಿಮೆಯಾದುದನ್ನು ತುಂಬಬೇಕಾದವರು ಬೀದಿಯ ಜನ.

ಇದು ಎಂದಿಗಿಂತ ಹೆಚ್ಚಾಗಿ ತಿಳಿದುದು 2021ರ ಆ ಕರಾಳವಾದ ಬೇಸಗೆಯಲ್ಲಿ. ಕೊರೋನಾ ಲಸಿಕೆಯ ಕೊನೆಯ ಡೋಸು ಪಡೆದ 28 ದಿನಗಳವರೆಗೆ ರಕ್ತ ಕೊಡಕೂಡದೆಂದು ರಾಷ್ಟ್ರೀಯ ಮಂಡಲಿ ಮಾರ್ಚಿನಲ್ಲಿ ಆದೇಶಿಸಿತ್ತು. ಎರಡು ಡೋಸುಗಳ ನಡುವಣ ಅಂತರವನ್ನೂ ಕೂಡಿಸಿದರೆ ಒಬ್ಬ ದಾನಿ ತಿಂಗಳುಗಟ್ಟಲೆ ದೂರವಾದಂತೆ. ಮೇ 1ರಿಂದ ಹದಿನೆಂಟು ತುಂಬಿದವರೆಲ್ಲರಿಗೂ ಲಸಿಕೆಯೆಂದು ಸರ್ಕಾರ ಸಾರಿದಾಗ ರಕ್ತಕೇಂದ್ರಗಳು ತಲ್ಲಣಿಸಿದವು. ರಕ್ತ ಕೊಡುವವರಲ್ಲಿ ಹೆಚ್ಚಿನವರು ಅದೇ ಯುವಜನ. ಕಾಲೇಜುಗಳು ಮುಚ್ಚಿದ್ದವು; ಕಚೇರಿಗಳು ಮನೆ ಸೇರಿದ್ದವು; ಶಿಬಿರಗಳಿಲ್ಲ. ಆದರೆ ಥಲಸ್ಸೇಮಿಯಾ ಎಂಬ ಹುಟ್ಟುರೋಗದ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಅವರ ಮೈಗೆ ಲಾಕ್‌ಡೌನ್ ತಿಳಿಯದು.

ಲಸಿಕೆ ಹಾಕಿಸಿಕೊಂಡಿದ್ದ ರಾಯರು ತಾವೇ ಕೊಡುವಂತಿರಲಿಲ್ಲ. ಹಳೆಯ ಡೈರಿಯನ್ನು ತೆಗೆದು ಕುಳಿತರು. ಬೆಳಗಿನಿಂದ ಸಂಜೆಯವರೆಗೆ ನಿವೃತ್ತ ಸಹೋದ್ಯೋಗಿಗಳ ಮನೆಗಳಿಗೆ ಫೋನು. “ನಿಮ್ಮ ಮಗ ಲಸಿಕೆ ಹಾಕಿಸ್ಕೊಂಡನೇ? ಇಲ್ಲವೇ? ಹಾಗಾದರೆ ಮೊದಲು ರಕ್ತ ಕೊಟ್ಟು ಆಮೇಲೆ ಲಸಿಕೆ ಹಾಕಿಸ್ಕೊಳ್ಳಲಿ.” ಇಪ್ಪತ್ತು ಮನೆಗಳಿಗೆ ಮಾಡಿದರೆ ಮೂರು ಮನೆಗಳಿಂದ ‘ಆಗಲಿ’ ಎಂಬ ಮಾತು ಬರುತ್ತಿತ್ತು. ಉಳಿದ ಕಡೆ ಅಂದಿನ ಅಣ್ಣ, ಷಡ್ಡಕ, ಚಿಕ್ಕಪ್ಪನ ಮಗ ಇವರದೇ ಕಾರಣಗಳು. ರಾಯರಿಗೆ ಸಿಟ್ಟು ಬರಲಿಲ್ಲ. ಆ ಕಾರಣಗಳೆಲ್ಲ ತಮಗೂ ಪರಿಚಿತವೇ. ದೇಶದ ಎಲ್ಲೆಡೆ ಇಂಥ ಕೂಗು ಎದ್ದುದರಿಂದಲೂ, ತಜ್ಞರು ಮರುಪರಿಶೀಲಿಸಿದುದರಿಂದಲೂ, ಮೇ ಮೊದಲ ವಾರದಲ್ಲಿ 28 ದಿನ 14 ದಿನಕ್ಕೆ ಇಳಿಯಿತು. ಒಂದು ಕಾಗದದ ಮೇಲಿನ ಒಂದು ಅಂಕಿ ಬದಲಾದರೆ ಎಷ್ಟೋ ಮಕ್ಕಳ ಪಾಲಿಗೆ ದಿನ ಬದಲಾಗುತ್ತದೆ.

ಕೊನೆಗೆ ರಾಯರನ್ನು ನಿಲ್ಲಿಸಿದುದೂ ಒಂದು ನಿಯಮವೇ. 2024ರ ಆರಂಭದಲ್ಲಿ ಅವರಿಗೆ 65 ತುಂಬಿತು; ಅದರಾಚೆ ರಕ್ತ ಕೊಡುವಂತಿಲ್ಲ. ಪತ್ನಿಯ ಎಣಿಕೆಯಂತೆ ಅಷ್ಟರಲ್ಲಿ ನಲವತ್ತೊಂಬತ್ತು ಸಲ ಆಗಿತ್ತು. “ಐವತ್ತು ಆಗಿಬಿಟ್ಟಿದ್ದರೆ!” ಎಂದು ರಾಯರು ಪೇಚಾಡಿದರು. ಲೆಕ್ಕದ ಗುಮಾಸ್ತರ ಮನಸ್ಸು. ಅದಕ್ಕೆ ಪೂರ್ಣಾಂಕವೇ ಬೇಕು.

ಆ ಮಾತನ್ನು ಕೇಳಿಸಿಕೊಂಡವಳು ಮಗಳ ಮಗಳು. ಕೆಂಗೇರಿಯ ಕಡೆ ಇಂಜಿನಿಯರಿಂಗ್ ಓದುತ್ತಿದ್ದ ಹದಿನೆಂಟರ ಹುಡುಗಿ. “ತಾತ, ಐವತ್ತನೇದು ನಾನು ಕೊಡ್ತೀನಿ ಬಿಡು,” ಎಂದಳು. ಜೂನ್ 14, ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು 1901ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಅಂದು ಕಾಲೇಜಿನ ಶಿಬಿರಕ್ಕೆ ಸಂಭ್ರಮದಿಂದ ಹೋದವಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಹಿಮೋಗ್ಲೋಬಿನ್ 11.4 ಮಾತ್ರ, ನಿಯಮದ ಪ್ರಕಾರ 12.5 ಇರಬೇಕು. “ನನ್ನ ರಕ್ತ ಬೇಡವಂತೆ ಅಜ್ಜಿ!”

“ಬೇಡ ಅಂದಿದ್ದಲ್ಲ ಕಣೆ, ಮೊದಲು ನೀನು ಉಣ್ಣು ಅಂದಿದ್ದು,” ಎಂದರು ಅಜ್ಜಿ.

ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಗಳ ಜೊತೆಗೆ ಅಜ್ಜಿಯ ಶಾಸನವೂ ಜಾರಿಗೆ ಬಂದಿತು. ಬೆಳಿಗ್ಗೆ ರಾಗಿ, ಮಧ್ಯಾಹ್ನ ನುಗ್ಗೆಸೊಪ್ಪು, ರಾತ್ರಿ ಹುರುಳಿಸಾರು, ಊಟಕ್ಕೆ ನೆಲ್ಲಿಕಾಯಿ. ಊಟದೊಡನೆ ಕಾಫಿ ಕುಡಿದರೆ ಅರ್ಧ ಗಂಟೆ ಉಪನ್ಯಾಸ. ದಾನ ಕೊಡಲು ಬಂದವಳನ್ನು ತಿರುಗಿಸಿ ಕಳುಹಿಸಿದ ಅದೇ ನಿಯಮದಿಂದಾಗಿ ಆ ಮನೆಯಲ್ಲಿ ಒಂದು ಹೆಣ್ಣುಮಗುವಿನ ರಕ್ತಹೀನತೆ ಮೊದಲ ಬಾರಿಗೆ ಲೆಕ್ಕಕ್ಕೆ ಬಂದಿತ್ತು. ಸಣಕಲು ಮನುಷ್ಯನೊಬ್ಬನ ತೋಳಿಗೆ ಸೂಜಿ ಚುಚ್ಚುವ ಮೊದಲು ಅವನ ಊಟದ ಮಾತನ್ನು ಯಾರೂ ಕೇಳಿರಲಿಲ್ಲವೆಂಬುದು ರಾಯರಿಗೆ ನೆನಪಾಗದಿರಲಿಲ್ಲ.

ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನದಂದು ಮತ್ತೆ ಶಿಬಿರವಿತ್ತು. ಈ ಸಲ ರಾಯರೂ ಜೊತೆಗೆ ಹೊರಟರು. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ವಿಜಯನಗರವನ್ನು ದಾಟಿ ಮೈಸೂರು ರಸ್ತೆಯ ಮೇಲೆ ತೇಲುತ್ತ ಸಾಗುವಾಗ, ಭಾವಮೈದುನನ ಸ್ಕೂಟರು ಬಿದ್ದ ಜಾಗ ಯಾವುದೆಂದು ಕಿಟಕಿಯಿಂದ ಹುಡುಕಿದರು. ಗುರುತು ಸಿಕ್ಕಲಿಲ್ಲ.

ಹಿಮೋಗ್ಲೋಬಿನ್ 12.7. ಹುಡುಗಿ ಗೆದ್ದವಳಂತೆ ತಾತನತ್ತ ನೋಡಿ, ಫಾರಂ ತುಂಬಲು ಕುಳಿತಳು. ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ‘ಸ್ವಯಂಪ್ರೇರಿತ’ ಎಂಬಲ್ಲಿ ಅವಳು ಗುರುತು ಹಾಕಿದಳು. ರೋಗಿಯ ಹೆಸರನ್ನು ಬರೆಯಬೇಕಾದ ಸಾಲು ಖಾಲಿಯಾಗಿಯೇ ಉಳಿಯಿತು.

“ಇದು ಯಾರಿಗೆ ಹೋಗತ್ತೆ ತಾತ?”

“ಗೊತ್ತಾಗೋದಿಲ್ಲ ಮಗು.”

“ಅವರಿಗೂ ನನ್ನ ಹೆಸರು ಗೊತ್ತಾಗಲ್ಲ, ಅಲ್ವಾ?”

ರಾಯರು ಇಲ್ಲವೆಂದು ತಲೆಯಾಡಿಸಿದರು. ಮೊಮ್ಮಗಳು ತೋಳು ಮಡಿಸಿಕೊಂಡು ಮಂಚದ ಕಡೆಗೆ ನಡೆದಳು. ರಾಯರು ಹೊರಗಿನ ಬೆಂಚಿನ ಮೇಲೆ ಕುಳಿತು ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

ಅಂದು ಮಧ್ಯಾಹ್ನ ಮನೆಯಲ್ಲಿ ಹೋಳಿಗೆಯಿತ್ತು. ಹಬ್ಬವೇನೂ ಅಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಬಾಕಿ ಉಳಿದಿದ್ದ ಊಟವೆಂದು ಅಜ್ಜಿ ಹೇಳಿದರು. ಯಾರ ಊಟವೆಂದು ಮೊಮ್ಮಗಳು ಕೇಳಿದಳು. ರಾಯರು ಎಲೆಯ ಮುಂದೆ ಕುಳಿತು, ಹೆಸರು ತಿಳಿಯದ ಆ ಮನುಷ್ಯನ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು.